ಬೇಸಿಗೆಯಲ್ಲಿ ಹಳಿ ತಪ್ಪುವ ಮನೆಖರ್ಚು

ಯುಗಾದಿ ಕಳೆದು ಮಕ್ಕಳ ಪರೀಕ್ಷೆ ಮುಗಿಯುತ್ತಿದ್ದಂತೆ ನಮ್ಮ ಮೈಸೂರಿನ ಬಹುಪಾಲು ಮನೆಗಳಲ್ಲಿ ತಿಂಗಳ ಲೆಕ್ಕ ಏರುಪೇರಾಗುತ್ತದೆ. ಆಗ ಗಾಬರಿಗೊಂಡು ಮೊದಲು ದಿನಸಿ ಚೀಟಿಗೆ ಕತ್ತರಿ ಹಾಕುವವರೇ ಹೆಚ್ಚು. ಆದರೆ ಕತ್ತರಿ ಬೀಳಬೇಕಾದ ಜಾಗ ಅದಲ್ಲ. ಹೊಸ ಹುಣಸೆಹಣ್ಣು, ಬ್ಯಾಡಗಿ ಮೆಣಸಿನಕಾಯಿ ಪೇಟೆಗೆ ಬರುವುದು ಈ ದಿನಗಳಲ್ಲೇ, ಅವನ್ನು ಒಣಗಿಸುವ ಬಿಸಿಲು ಸಿಗುವುದೂ ಈಗಲೇ. ಹುಣಸೆಹಣ್ಣಿನ ಬೀಜ, ನಾರು ತೆಗೆದು, ಎರಡು ಬಿಸಿಲು ಕಾಣಿಸಿ, ಕಲ್ಲುಪ್ಪಿನೊಡನೆ ಪಿಂಗಾಣಿ ಜಾಡಿಯಲ್ಲಿ ಒತ್ತಿಟ್ಟರೆ ಮುಂದಿನ ಬೇಸಿಗೆಯವರೆಗೂ ಕೆಡುವುದಿಲ್ಲ. ಈ ಹಣ ಏಪ್ರಿಲ್ ತಿಂಗಳ ಖರ್ಚಿನಂತೆ ಕಂಡರೂ ಇಡೀ ವರ್ಷದ್ದು. ಆದ್ದರಿಂದ ಲೆಕ್ಕದ ಪುಸ್ತಕದಲ್ಲಿ ಅದಕ್ಕೊಂದು ಬೇರೆ ಪುಟವಿಟ್ಟು, ಉಳಿದ ಖರ್ಚನ್ನು ಮಾತ್ರ ಹಿಂದಿನ ತಿಂಗಳೊಂದಿಗೆ ಹೋಲಿಸಿ ನೋಡಿ. ಹಣ ನಿಜವಾಗಿ ಸೋರುತ್ತಿರುವುದು ಎಲ್ಲಿ ಎಂಬುದು ಆಗ ತಿಳಿಯುತ್ತದೆ.

ಹಾಗೆ ಸೋರುವುದರಲ್ಲಿ ಕರೆಂಟಿನದೇ ಮೊದಲ ಸ್ಥಾನ. 2023ರಲ್ಲಿ ಗೃಹಜ್ಯೋತಿ ಬಂದ ಮೇಲೆ ಅನೇಕರು ಬಿಲ್ಲನ್ನು ನೋಡುವ ಅಭ್ಯಾಸವನ್ನೇ ಬಿಟ್ಟಿದ್ದಾರೆ. ಆದರೆ ಎಲ್ಲರಿಗೂ 200 ಯೂನಿಟ್ ಉಚಿತವೆಂಬುದು ತಪ್ಪು ತಿಳಿವಳಿಕೆ. 2022-23ರಲ್ಲಿ ನಿಮ್ಮ ಮನೆಯ ಸರಾಸರಿ ಬಳಕೆ ತಿಂಗಳಿಗೆ 100 ಯೂನಿಟ್ ಇದ್ದಿದ್ದರೆ, ಅದಕ್ಕೆ ಶೇಕಡಾ 10 ಸೇರಿಸಿ 110 ಯೂನಿಟ್ ಮಾತ್ರ ಉಚಿತ. 150 ಉರಿಸಿದರೆ ಮೇಲಿನ 40ಕ್ಕೆ ಹಣ ಕಟ್ಟಬೇಕು, 200 ದಾಟಿದರಂತೂ ಅಷ್ಟೂ ಯೂನಿಟ್‌ಗಳ ಬಿಲ್ ನಿಮ್ಮದೇ. ಚಳಿಗಾಲದಲ್ಲಿ ಈ 200ರ ಗೆರೆಯ ಹತ್ತಿರಕ್ಕೂ ಹೋಗದ ಮನೆ ಬೇಸಿಗೆಯಲ್ಲಿ ಸದ್ದಿಲ್ಲದೆ ಅದನ್ನು ದಾಟಿಬಿಡುತ್ತದೆ. ಬಿಲ್ ಬಂದ ಹದಿನೈದನೇ ದಿನ ಮೀಟರಿನ ಮುಂದೆ ನಿಂತು, ಒಂದಾದ ಮೇಲೊಂದು ಬರುವ ಅಂಕಿಗಳಲ್ಲಿ ಕೆಡಬ್ಲ್ಯೂಎಚ್ (kWh, ಅಂದರೆ ಯೂನಿಟ್) ಎಂದಿರುವುದನ್ನು ಗುರುತು ಹಾಕಿಕೊಂಡು, ಆ ಬಿಲ್ಲಿನಲ್ಲಿರುವ ಇತ್ತೀಚಿನ ರೀಡಿಂಗನ್ನು ಅದರಿಂದ ಕಳೆಯಿರಿ. ಉಳಿದದ್ದು 100ಕ್ಕೆ ಸಮೀಪಿಸಿದ್ದರೆ ಇನ್ನರ್ಧ ತಿಂಗಳು ಕೈ ಬಿಗಿ ಹಿಡಿಯಲೇಬೇಕು.

ಕೈ ಬಿಗಿ ಹಿಡಿಯುವುದೆಂದರೆ ಫ್ಯಾನ್ ಆರಿಸಿ ಬೆವರುತ್ತಾ ಕೂರುವುದಲ್ಲ. ಹಳೆಯ ಫ್ಯಾನೊಂದು ಹದಿಮೂರು ಗಂಟೆ ತಿರುಗಿದರೂ ಸುಮಾರು ಒಂದೇ ಯೂನಿಟ್ ತಿನ್ನುತ್ತದೆ. 2000 ವ್ಯಾಟ್‌ನ ಗೀಸರ್ ಅಷ್ಟನ್ನು ಅರ್ಧ ಗಂಟೆಯಲ್ಲಿ ಮುಗಿಸುತ್ತದೆ. ಮಧ್ಯಾಹ್ನದ ಹೊತ್ತಿಗೆ ಮಹಡಿಯ ಮೇಲಿನ ಟ್ಯಾಂಕಿನ ನೀರು ತಾನಾಗಿಯೇ ಕಾದಿರುವಾಗ, ಮೇ ತಿಂಗಳಿನಲ್ಲೂ ಗೀಸರ್ ಹಾಕುವುದು ಅಭ್ಯಾಸಬಲವೇ ಹೊರತು ಅಗತ್ಯವಲ್ಲ. ಎ.ಸಿ. ಇರುವವರು ಅದನ್ನು 24 ಡಿಗ್ರಿಗಿಂತ ಕೆಳಗಿಳಿಸದೆ ಜೊತೆಗೆ ಫ್ಯಾನನ್ನು ನಿಧಾನವಾಗಿ ತಿರುಗಿಸಲಿ. ಫ್ರಿಜ್ಜಿನ ಬಾಗಿಲಿಗೆ ಒಂದು ಕಾಗದ ಸಿಕ್ಕಿಸಿ ಎಳೆಯಿರಿ. ಸಲೀಸಾಗಿ ಬಂದರೆ ರಬ್ಬರ್ ಪಟ್ಟಿ ಸಡಿಲವಾಗಿದೆಯೆಂದು ಅರ್ಥ, ಅದನ್ನು ಬದಲಾಯಿಸುವುದು ದೊಡ್ಡ ಖರ್ಚಲ್ಲ.

ರಜೆಯಲ್ಲಿ ಮನೆಯಲ್ಲಿರುವ ಮಕ್ಕಳ ಬಾಯಿಚಪಲಕ್ಕೆ ಐಸ್‌ಕ್ರೀಮು, ಬಾಟಲಿ ಪಾನೀಯಗಳೆಂದು ದಿನವೂ ಹೋಗುವ ಐವತ್ತು ರೂಪಾಯಿ ತಿಂಗಳಿಗೆ ಸಾವಿರದೈನೂರಾಗುತ್ತದೆ. ಮಂಡ್ಯದ ಬೆಲ್ಲದ ಪಾನಕ, ಒಗ್ಗರಣೆಯ ಮಜ್ಜಿಗೆ, ಹಿಂದಿನ ರಾತ್ರಿ ಕಾಯಿಸಿಟ್ಟ ರಾಗಿ ಅಂಬಲಿ ಮನೆಯಲ್ಲಿ ಸಿದ್ಧವಾಗಿದ್ದರೆ ಮಕ್ಕಳು ಅಂಗಡಿಯ ಕಡೆ ಓಡುವುದು ತಾನಾಗಿ ಕಡಿಮೆಯಾಗುತ್ತದೆ. ಬೇಡವೆಂದು ಗದರಿದರೆ ಆಗುವುದಿಲ್ಲ, ಕೈಗೆಟಕುವಂತೆ ಇಟ್ಟಿರಬೇಕು. ಬಾದಾಮಿ, ರಸಪುರಿ ಮಾವಿನಹಣ್ಣಿಗೂ ಅವಸರ ಬೇಡ. ಮೊದಲ ಹಣ್ಣಿಗೆ ಬೆಲೆ ಹೆಚ್ಚು, ರುಚಿ ಕಡಿಮೆ.

ಇನ್ನು ಮದುವೆಗಳ ಮಾತು. ವೈಶಾಖದಲ್ಲಿ ಒಂದೇ ವಾರಕ್ಕೆ ಮೂರು ಲಗ್ನಪತ್ರಿಕೆ ಬರುವುದುಂಟು. ಮುಯ್ಯಿ ಪುಸ್ತಕವನ್ನು ತೆಗೆದು, ನಮ್ಮ ಮನೆಯ ಶುಭಕಾರ್ಯಕ್ಕೆ ಯಾರು ಎಷ್ಟು ಮಾಡಿದ್ದರೆಂದು ನೋಡಿ, ಅದಕ್ಕೆ ತಕ್ಕಷ್ಟೇ ಸೇರಿಸಿ ಹಿಂದಿರುಗಿಸಿದರೆ ಮರ್ಯಾದೆಗೂ ಕುಂದಿಲ್ಲ, ಜೇಬಿಗೂ ಭಾರವಿಲ್ಲ. ದೂರದ ಮದುವೆಗೆ ಮನೆಮಂದಿಯೆಲ್ಲ ಬಾಡಿಗೆ ಕಾರಿನಲ್ಲಿ ಹೊರಡುವ ಬದಲು ದಂಪತಿಗಳಿಬ್ಬರು ಬಸ್ಸಿನಲ್ಲಿ ಹೋಗಿ ಬಂದರೆ ಸಾಕು. ಪ್ರತಿ ಮದುವೆಗೂ ಹೊಸ ಸೀರೆ ಉಡಬೇಕೆಂಬ ಹೊಸ ಪದ್ಧತಿ ನನಗಂತೂ ಒಪ್ಪಿಗೆಯಿಲ್ಲ.

ಮೇ ಕೊನೆಗೆ ಶಾಲೆಯ ಶುಲ್ಕ, ಸಮವಸ್ತ್ರ, ನೋಟ್‌ಪುಸ್ತಕಗಳ ಖರ್ಚು ಒಟ್ಟಿಗೆ ಎದುರಾಗುತ್ತದೆ. ಹಳೆಯ ನೋಟ್‌ಪುಸ್ತಕಗಳಲ್ಲಿ ಉಳಿದ ಖಾಲಿ ಹಾಳೆಗಳನ್ನು ರಜೆಯಲ್ಲೇ ಮಕ್ಕಳ ಕೈಯಿಂದ ಹೊಲಿಸಿಟ್ಟರೆ ರಫ್ ಪುಸ್ತಕಕ್ಕೆ ಸಾಕಾಗುತ್ತದೆ. ಅಲ್ಲಿಗೆ ಆಷಾಢ ಬರುತ್ತದೆ. ಮದುವೆಗಳಿಲ್ಲ, ಗೃಹಪ್ರವೇಶಗಳಿಲ್ಲ, ಸೆಕೆಯೂ ಇಳಿದಿರುತ್ತದೆ. ಆ ತಿಂಗಳಲ್ಲೇ ಬ್ಯಾಂಕಿನಲ್ಲೊಂದು ಆರ್.ಡಿ. ತೆರೆದು, ಈ ಬೇಸಿಗೆಯಲ್ಲಿ ಹೆಚ್ಚಾದ ಖರ್ಚಿನ ಮೊತ್ತವನ್ನು ಮುಂದಿನ ಯುಗಾದಿಯವರೆಗಿನ ತಿಂಗಳುಗಳಿಗೆ ಹಂಚಿ, ಸಂಬಳ ಬಂದ ದಿನವೇ ಕಟ್ಟುತ್ತಾ ಬನ್ನಿ.