ಪತ್ತೇದಾರಿಕೆ ಬೇಡ, ಸುಳಿವು ಕೊಡಿ

ವಿದೇಶದಲ್ಲಿ ಕಂಪ್ಯೂಟರ್ ಕೆಲಸ. ಅನುಭವ ಬೇಕಿಲ್ಲ. ಕೈತುಂಬ ಸಂಬಳ, ವಿಮಾನದ ಟಿಕೆಟ್ ಖರ್ಚೂ ಕಂಪನಿಯದೇ. ಇಂಥ ಜಾಹೀರಾತು ಫೋನಿನಲ್ಲಿ ಬಂದರೆ ಸುಮ್ನೆ ಸರಿಸಿ ಮುಂದೆ ಹೋಗುತ್ತೇವೆ, ಅಲ್ವಾ? ಆದರೆ ನಂಬಿ ಹೊರಟವರೂ ಬಹಳ ಜನ ಇದ್ದಾರೆ. ಮ್ಯಾನ್ಮಾರ್‌ನಲ್ಲಿ ಕನಿಷ್ಠ 1,20,000, ಕಾಂಬೋಡಿಯಾದಲ್ಲಿ ಸುಮಾರು 1,00,000 ಜನರನ್ನು ಕೂಡಿಹಾಕಿ ಆನ್‌ಲೈನ್ ವಂಚನೆಯ ಕೆಲಸ ಮಾಡಿಸುತ್ತಿರಬಹುದು ಎಂದು ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಕಚೇರಿ 2023ರ ಆಗಸ್ಟ್‌ನಲ್ಲಿ ಹೇಳಿತು. ಇದೂ ಮಾನವ ಕಳ್ಳಸಾಗಣೆಯೇ. ಅದರ ಬಲೆ ಬೀಸುವುದು ನಾವು ದಿನವೂ ನೋಡುವ ಪರದೆಯ ಮೇಲೆಯೇ. ಹಾಗಾಗಿ ಅದು ಮೊದಲು ಕಣ್ಣಿಗೆ ಬೀಳುವುದೂ ನಮಗೇ.

ಮೊದಲು, ಗುರುತು ಹಿಡಿಯಿರಿ

ಮಾನವ ಕಳ್ಳಸಾಗಣೆ ಎಂದರೆ ಗಡಿ ದಾಟಿಸುವುದು ಎಂದೇ ಹಲವರು ತಿಳಿದಿದ್ದಾರೆ. ಹಾಗೇನಿಲ್ಲ. 2000ದ ವಿಶ್ವಸಂಸ್ಥೆ ಒಪ್ಪಂದದ ಪ್ರಕಾರ ಬೆದರಿಸಿ, ಮೋಸ ಮಾಡಿ ಅಥವಾ ಅಸಹಾಯಕತೆಯನ್ನು ಬಳಸಿಕೊಂಡು, ದುಡಿಸಿಕೊಳ್ಳುವುದಕ್ಕಾಗಿಯೋ ದೇಹ ಮಾರಿಸುವುದಕ್ಕಾಗಿಯೋ ಒಬ್ಬರನ್ನು ಸೆಳೆದು ಇಟ್ಟುಕೊಳ್ಳುವುದೂ ಅದೇ. ಹದಿನೆಂಟು ತುಂಬದವರಾದರೆ ಬೆದರಿಕೆ, ಮೋಸ ನಡೆದಿದೆ ಎಂದು ತೋರಿಸುವ ಅಗತ್ಯವೂ ಇಲ್ಲ.

ಕೆಲಸದ ಜಾಹೀರಾತಾದರೆ ಇವನ್ನು ಗಮನಿಸಿ: ಊರು, ಕಂಪನಿ ಯಾವುದೆಂದು ಸರಿಯಾಗಿ ಹೇಳುವುದಿಲ್ಲ. ಎರಡೇ ಮಾತಿನ ನಂತರ ಖಾಸಗಿ ಚಾಟ್‌ಗೆ ಕರೆಯುತ್ತಾರೆ. ಪ್ರವಾಸಿ ವೀಸಾದಲ್ಲಿ ಬನ್ನಿ ಎನ್ನುತ್ತಾರೆ. ಮನೆಯವರಿಗೆ ಈಗಲೇ ಹೇಳಬೇಡಿ ಎಂದರಂತೂ ಇನ್ನೇನು ಬೇಕು! ದೇಹ ಮಾರಾಟದ ಜಾಹೀರಾತುಗಳಲ್ಲಿ ಒಂದೇ ಫೋನ್ ಸಂಖ್ಯೆಗೆ ಹಲವು ಹೆಸರು, ಒಂದೇ ಮುಖಕ್ಕೆ ಬೇರೆ ಬೇರೆ ವಯಸ್ಸು ಇರಬಹುದು. ಇವುಗಳಲ್ಲಿ ಒಂದು ಲಕ್ಷಣ ಕಂಡಿತೆಂದ ಮಾತ್ರಕ್ಕೆ ಏನೂ ಸಾಬೀತಾಗುವುದಿಲ್ಲ. ಮೂರು ನಾಲ್ಕು ಒಟ್ಟಿಗೆ ಕಂಡರೆ ಮುಂದಿನ ಹೆಜ್ಜೆಗೆ ಹೋಗಿ.

ಅಳಿಸಿಹೋಗುವ ಮೊದಲು ದಾಖಲಿಸಿ

ಪುಟದ ಲಿಂಕ್, ಖಾತೆಯ ಹೆಸರು, ಫೋನ್ ಸಂಖ್ಯೆ, ನೀವು ನೋಡಿದ ದಿನ ಮತ್ತು ಹೊತ್ತು ಬರೆದಿಡಿ. ಖಾತೆಯ ಹೆಸರು ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆಯಿರಿ. ಆಮೇಲೆ ದೂರು. ಮೊದಲೇ ಜಾಲತಾಣಕ್ಕೆ ದೂರು ಕೊಟ್ಟು ಅವರು ಪುಟವನ್ನು ತೆಗೆದುಹಾಕಿದರೆ ನಿಮ್ಮ ಕೈಯಲ್ಲಿ ಏನೂ ಉಳಿಯುವುದಿಲ್ಲ.

ಇದಕ್ಕೆ ಒಂದೇ ಒಂದು ವಿನಾಯಿತಿ. ಮಗುವಿನ ಲೈಂಗಿಕ ಚಿತ್ರ ಕಂಡರೆ ಸ್ಕ್ರೀನ್‌ಶಾಟ್ ಬೇಡ, ಉಳಿಸಿಕೊಳ್ಳುವುದು ಬೇಡ, ಪೊಲೀಸರಿಗೆ ತೋರಿಸಲೆಂದು ಇನ್ನೊಬ್ಬರಿಗೆ ಕಳಿಸುವುದೂ ಬೇಡ. ಅದನ್ನು ಇಟ್ಟುಕೊಳ್ಳುವುದೇ ಹಲವು ದೇಶಗಳಲ್ಲಿ ಅಪರಾಧ. ಲಿಂಕ್ ಮಾತ್ರ ಕೊಡಿ.

ಕಂಡದ್ದನ್ನು ಬರೆಯಿರಿ, ಊಹೆಯನ್ನಲ್ಲ

ಯಾರಾದರೂ ಈಗಲೇ ಅಪಾಯದಲ್ಲಿದ್ದಾರೆ ಅನಿಸಿದರೆ ಪೊಲೀಸ್ ತುರ್ತು ಸಂಖ್ಯೆಗೆ ಕರೆ ಮಾಡಿ. ಇಲ್ಲದಿದ್ದರೆ ನಿಮ್ಮ ದೇಶದ ಕಳ್ಳಸಾಗಣೆ ಸಹಾಯವಾಣಿಗೋ ಸೈಬರ್ ಪೊಲೀಸರಿಗೋ ತಿಳಿಸಿ, ಜೊತೆಗೆ ಜಾಲತಾಣಕ್ಕೂ ದೂರು ಕೊಡಿ. ‘ಇವನು ಹುಡುಗಿಯರನ್ನು ಮಾರುವವನು’ ಎಂದು ಬರೆದರೆ ತನಿಖೆಗೆ ಏನೂ ಸಿಗುವುದಿಲ್ಲ. ‘ಈ ಸಂಖ್ಯೆ ಮೂರು ಜಾಹೀರಾತಿನಲ್ಲಿದೆ, ಮೂರರಲ್ಲೂ ಒಂದೇ ಮುಖ, ಹೆಸರು ಮಾತ್ರ ಬೇರೆ’ ಎಂದು ಬರೆದರೆ ಹುಡುಕಲು ದಾರಿ ಸಿಗುತ್ತದೆ.

ಜನ ಜಾಸ್ತಿ ಎಡವುವುದು ಇಲ್ಲಿಯೇ. ಸಿಟ್ಟಿನಲ್ಲಿ ಫೋಟೋ ಸಮೇತ ಎಲ್ಲ ಗುಂಪುಗಳಿಗೂ ಹರಡುತ್ತಾರೆ. ಕೆಲವರು ಗಿರಾಕಿಯ ಸೋಗಿನಲ್ಲಿ ಚಾಟ್ ಮಾಡಿ ನೋಡುತ್ತಾರೆ. ದಂಧೆಕೋರನಿಗೆ ಸುಳಿವು ಸಿಕ್ಕರೆ ಏಟು ಬೀಳುವುದು ಅವನ ಕೈಯಲ್ಲಿ ಸಿಕ್ಕಿಬಿದ್ದವರಿಗೆ. 2020ರಲ್ಲಿ ಅಮೆರಿಕದಲ್ಲಿ, ಪೀಠೋಪಕರಣ ಮಾರುವ ಒಂದು ಜಾಲತಾಣ ದುಬಾರಿ ಕಪಾಟುಗಳ ಹೆಸರಿನಲ್ಲಿ ಮಕ್ಕಳನ್ನು ಮಾರುತ್ತಿದೆ ಎಂಬ ಸುಳ್ಳು ಸುದ್ದಿ ಹಬ್ಬಿತು. ಅದನ್ನು ನಂಬಿದವರ ಕರೆಗಳು ಸಹಾಯವಾಣಿಗೆ ಮುಗಿಬಿದ್ದವು. ನಿಜವಾಗಿ ಸಹಾಯ ಬೇಕಿದ್ದವರಿಗೆ ಗಮನ ಕೊಡುವುದು ಕಷ್ಟವಾಗಿದೆ ಎಂದು ಆಗ ಸಹಾಯವಾಣಿ ನಡೆಸುತ್ತಿದ್ದ ಪೋಲಾರಿಸ್ ಸಂಸ್ಥೆ ಹೇಳಬೇಕಾಯಿತು. ಕರೆ ಮಾಡಿದವರಲ್ಲಿ ಹೆಚ್ಚಿನವರು ಒಳ್ಳೆಯ ಮನಸ್ಸಿನವರೇ ಇದ್ದಿರಬೇಕು, ಪಾಪ.

ಹೋಟೆಲ್ ಕೋಣೆಯ ಫೋಟೋ ತೆಗೆಯಿರಿ

ನನಗೆ ತುಂಬಾ ಹಿಡಿಸಿದ ದಾರಿ ಇದು. ದಂಧೆಯಲ್ಲಿ ಸಿಕ್ಕಿಬಿದ್ದವರ ಫೋಟೋಗಳನ್ನು ಎಷ್ಟೋ ಸಲ ಹೋಟೆಲ್ ಕೋಣೆಗಳಲ್ಲೇ ತೆಗೆದಿರುತ್ತಾರೆ. ಯಾವ ಹೋಟೆಲ್? ಅದನ್ನು ಹುಡುಕಲು 2016ರಲ್ಲಿ ಟ್ರಾಫಿಕ್‌ಕ್ಯಾಮ್ ಎಂಬ ಆ್ಯಪ್ ಬಂತು. ನೀವು ಉಳಿದುಕೊಂಡ ಕೋಣೆಯ ನಾಲ್ಕು ಫೋಟೋ ತೆಗೆದು ಹೋಟೆಲ್ ಹೆಸರಿನ ಜೊತೆ ಕಳಿಸಿದರೆ ಸಾಕು. ನೆಲಹಾಸು, ಪರದೆ, ಗೋಡೆಯ ಚಿತ್ರ, ಮಂಚದ ತಲೆಕಡೆಯ ಹಲಗೆ ಇವನ್ನೆಲ್ಲ ತನಿಖೆಗೆ ಬಂದ ಫೋಟೋಗಳ ಜೊತೆ ತಾಳೆ ನೋಡುತ್ತಾರೆ. ಹೋಟೆಲಿನವರೇ ಹಾಕುವ ಫೋಟೋಗಳು ಥಳಥಳ ಹೊಳೆಯುತ್ತವೆ. ದಂಧೆಕೋರರ ಫೋಟೋದಲ್ಲಿರುವುದು ಮಂದ ಬೆಳಕು, ಓರೆ ಕೋನ. ನಮ್ಮ ನಿಮ್ಮ ಫೋನಿನ ಸಾಧಾರಣ ಫೋಟೋ ಅದಕ್ಕೆ ಹೆಚ್ಚು ಹತ್ತಿರ. ಫೋಟೋದಲ್ಲಿ ಜನ ಇರಬಾರದು. ಬಾಗಿಲು ತೆಗೆದ ಕೂಡಲೇ ಕ್ಲಿಕ್ಕಿಸಿ, ಆಮೇಲೆ ಎಲ್ಲೆಲ್ಲೂ ನಮ್ಮದೇ ಬಟ್ಟೆಬರೆ!

ಮನೆಯಲ್ಲೇ ಕೂತು ಮಾಡುವ ಕೆಲಸವೂ ಇದೆ. ಯುರೋಪಿನ ಪೊಲೀಸ್ ಸಹಕಾರ ಸಂಸ್ಥೆ ಯುರೋಪೋಲ್ 2017ರಿಂದ ಮಕ್ಕಳ ಮೇಲಿನ ದೌರ್ಜನ್ಯದ ಚಿತ್ರಗಳಿಂದ ವಸ್ತುಗಳನ್ನು ಮಾತ್ರ ಕತ್ತರಿಸಿ ‘ಟ್ರೇಸ್ ಆ್ಯನ್ ಆಬ್ಜೆಕ್ಟ್’ ಪುಟದಲ್ಲಿ ಹಾಕುತ್ತಿದೆ. ಒಂದು ಚೀಲ, ಒಂದು ಬಾಟಲಿ, ಒಂದು ಅಂಗಿ. ಅದು ಎಲ್ಲಿಯದೆಂದು ಗೊತ್ತಿದ್ದರೆ ಹೆಸರು ಹೇಳದೆಯೇ ತಿಳಿಸಬಹುದು.

ಹತ್ತಿರದವರೇ ಹೊರಟಿದ್ದರೆ

‘ಹೋಗಬೇಡ’ ಎಂದು ಕೂಗಾಡಿದರೆ ಮಾತೇ ನಿಂತುಹೋಗುತ್ತದೆ. ಕಂಪನಿಯ ಹೆಸರನ್ನು ಜೊತೆಯಲ್ಲೇ ಕೂತು ಹುಡುಕಿ. ಪಾಸ್‌ಪೋರ್ಟ್‌ನ ಪ್ರತಿ ಇಟ್ಟುಕೊಳ್ಳಿ. ಕಷ್ಟದಲ್ಲಿದ್ದೇನೆ ಎಂದು ತಿಳಿಸಲು ನಿಮ್ಮಿಬ್ಬರಿಗೆ ಮಾತ್ರ ಗೊತ್ತಿರುವ ಒಂದು ಮಾಮೂಲಿ ಮಾತನ್ನು ಮೊದಲೇ ಗೊತ್ತು ಮಾಡಿಕೊಳ್ಳಿ.

ದೂರು ಕೊಟ್ಟ ಮೇಲೆ ಉತ್ತರ ಬರದೇ ಇರಬಹುದು. ತನಿಖೆಯ ವಿವರ ನಿಮಗೆ ಹೇಳುವಂತಿಲ್ಲ ಎನ್ನುವುದೂ ಕಾರಣವಿರಬಹುದು. ದೂರಿನ ಸಂಖ್ಯೆಯನ್ನು ಜೋಪಾನ ಮಾಡಿ. ಅದೇ ಫೋನ್ ಸಂಖ್ಯೆಯ ಹೊಸ ಜಾಹೀರಾತು ಕಂಡರೆ, ಹಳೆಯ ದೂರನ್ನು ನಮೂದಿಸಿ ಮತ್ತೊಮ್ಮೆ ಬರೆಯಿರಿ.