ಕೆಂಪು ಕಣ್ಣಿಗೆ ಹನಿ ಹಾಕುವ ಮುನ್ನ

ಸಿಂಧನೂರು, ಗಂಗಾವತಿ ಕಡೆ ಭತ್ತದ ಕೊಯ್ಲಿನಲ್ಲಿ ಕಣ್ಣಿಗೆ ಹೊಟ್ಟು ಬೀಳುವುದು ಸಾಮಾನ್ಯ. ಕಣ್ಣು ಕೆಂಪಾದರೆ ಸಾಮಾನ್ಯವಾಗಿ ದೇಹದ ರಕ್ಷಣಾ ಕೋಶಗಳು ಎದ್ದಿವೆ ಎಂದರ್ಥ. ಯಾವ ಕೋಶ, ಯಾಕೆ ಎಂಬುದರ ಮೇಲೆ ಔಷಧಿ ಬದಲಾಗುತ್ತದೆ.

ಎರಡೂ ಕಣ್ಣಿಗೆ ತುರಿಕೆಯೇ ಜಾಸ್ತಿ ಇದ್ದರೆ ಅಲರ್ಜಿ ಇರಬಹುದು. ಮಾಸ್ಟ್ ಎಂಬ ರಕ್ಷಣಾ ಕೋಶಗಳು ತುರಿಕೆ ತರಿಸುವ ಹಿಸ್ಟಮಿನ್ ಬಿಡುತ್ತವೆ; ಉಜ್ಜಿದರೆ ಇನ್ನಷ್ಟು ಬಿಡುತ್ತವೆ. ತಣ್ಣೀರಿನ ಬಟ್ಟೆ ಇಡಿ.

ಹೊಟ್ಟು ತಾಗಿದ ಮೇಲೆ ನೋವು, ಕರಿಗುಡ್ಡೆಯ ಮೇಲೆ ಬಿಳಿ ಚುಕ್ಕೆ ಬಂದರೆ ಅದೇ ದಿನ ಕಣ್ಣಿನ ವೈದ್ಯರ ಬಳಿ ಹೋಗಿ. ಅಲ್ಲಿ ರೋಗಾಣುಗಳನ್ನು ನುಂಗುವ ಬಿಳಿರಕ್ತಕಣಗಳಾದ ನ್ಯೂಟ್ರೋಫಿಲ್‌ಗಳು ಶಿಲೀಂಧ್ರದ ಜೊತೆ ಹೋರಾಡುತ್ತಿರಬಹುದು. ಅಂಗಡಿಯಿಂದ ಕೇಳಿ ತಂದ ಸ್ಟೀರಾಯ್ಡ್ (ಉರಿಯೂತ ಇಳಿಸುವ ಔಷಧಿ) ಹನಿ ಈ ರಕ್ಷಣಾ ಕೋಶಗಳನ್ನೇ ಕಟ್ಟಿಹಾಕುತ್ತದೆ, ಹುಣ್ಣು ಆಳಕ್ಕಿಳಿಯುತ್ತದೆ, ದೃಷ್ಟಿಯೇ ಹೋಗಬಹುದು. ಎದೆಹಾಲು, ಹರಳೆಣ್ಣೆ ದಯವಿಟ್ಟು ಬೇಡ.

ಕೀವಿಲ್ಲ, ಆದರೆ ಒಳಗೆ ನೋವು, ಬೆಳಕು ಚುಚ್ಚುತ್ತದೆ, ನೋಟ ಮಂಜು ಎಂದರೆ ಯುವೈಟಿಸ್ (ಕಣ್ಣಿನೊಳಗಿನ ಉರಿಯೂತ) ಇರಬಹುದು. ಇಲ್ಲಿ ಟಿ ಕೋಶಗಳೆಂಬ ಇನ್ನೊಂದು ಬಗೆಯ ರಕ್ಷಣಾ ಕೋಶಗಳು ಕಣ್ಣಿನ ನಡುಪದರದ ಮೇಲೇ ತಿರುಗಿಬೀಳುವುದುಂಟು. ಇದಕ್ಕೆ ಸ್ಟೀರಾಯ್ಡೇ ಮದ್ದು, ವೈದ್ಯರು ಕಣ್ಣನ್ನು ದೊಡ್ಡದಾಗಿ ತೋರಿಸುವ ಸ್ಲಿಟ್ ಲ್ಯಾಂಪ್‌ನಲ್ಲಿ ನೋಡಿ ಬರೆದರೆ ಮಾತ್ರ.

ವೈದ್ಯರು ಬರೆದ ಸ್ಟೀರಾಯ್ಡ್ ಹನಿ ಪ್ರೆಡ್ನಿಸೊಲೋನ್ ಅಸಿಟೇಟ್ 1% ಆಗಿದ್ದರೆ ಬಾಟಲಿಯನ್ನು ಚೆನ್ನಾಗಿ ಅಲುಗಾಡಿಸಿ. ಇಲ್ಲದಿದ್ದರೆ ಔಷಧಿ ತಳದಲ್ಲೇ ಉಳಿಯುತ್ತದೆ. ಕೆಳರೆಪ್ಪೆ ಎಳೆದು ಒಂದೇ ಹನಿ. ಕಣ್ಣು ಮುಚ್ಚಿ, ಮೂಗಿನ ಪಕ್ಕದ ಮೂಲೆಯನ್ನು 2 ನಿಮಿಷ ಒತ್ತಿ. ಬೇರೆ ಹನಿಗೆ 5 ನಿಮಿಷ ಅಂತರ. ಹೋಮಾಟ್ರೋಪಿನ್ (ಪಾಪೆ ಹಿಗ್ಗಿಸುವ ಹನಿ) ಕೊಟ್ಟರೆ ಬಿಡಬೇಡಿ, ಪಾಪೆಯ ಅಂಚು ಮಸೂರಕ್ಕೆ ಅಂಟದಂತೆ ತಡೆಯುವುದು ಅದೇ. ಅದರಿಂದ ನೋಟ ಮಂಜಾಗಿರುವಾಗ ಬೈಕ್ ಓಡಿಸುವುದು ಮಾತ್ರ ಬೇಡ.

ಕೆಂಪು ಇಳಿದ ಕೂಡಲೇ ಸ್ಟೀರಾಯ್ಡ್ ನಿಲ್ಲಿಸಿದರೆ ಉರಿಯೂತ ಮರಳಬಹುದು. ವೈದ್ಯರು ಹೇಳಿದಂತೆ ಹಂತಹಂತವಾಗಿ ಇಳಿಸಿ, ಸ್ಟೀರಾಯ್ಡ್ ಏರಿಸಬಹುದಾದ ಕಣ್ಣಿನ ಒತ್ತಡ ಅಳೆಸಿಕೊಳ್ಳಿ. ಮತ್ತೆಮತ್ತೆ ಬಂದರೆ ಕಾರಣ ದೇಹದ ಬೇರೆಡೆ ಇರಬಹುದು, ಕ್ಷಯದ ಪರೀಕ್ಷೆಯ ಬಗ್ಗೆ ಕೇಳಿ. ಬೆಳಗಿನ ಸೊಂಟನೋವು ಇದ್ದರೆ ಅದನ್ನೂ ಹೇಳಿ.