ಗಾಯವಾಗಿದ್ದು ಮುಖಕ್ಕಲ್ಲ: ಕ್ಷೌರದ ಕತ್ತಿ ಕಲಿತ ನನ್ನ ಅನುಭವ

ಮಡಚುವ ಕ್ಷೌರದ ಕತ್ತಿಯಿಂದ ನನಗಾದ ಮೊದಲ ಗಾಯ ಹೆಬ್ಬೆರಳಿಗೆ. ಶೇವಿಂಗ್ ಮುಗಿದಿತ್ತು. ಮುಖದ ಮೇಲೆ ಒಂದು ಗೀರೂ ಇರಲಿಲ್ಲ. ಆ ಖುಷಿಯಲ್ಲಿ ಕನ್ನಡಿ ನೋಡುತ್ತಲೇ ಕತ್ತಿ ಮಡಚಿದೆ. ಅಲಗು ಹಿಡಿಯ ಸಂದಿಗೆ ಇಳಿಯುವ ಜಾಗದಲ್ಲೇ ಬೆರಳಿತ್ತು. ನೋವು ಗೊತ್ತಾಗುವ ಮೊದಲೇ ರಕ್ತ ಕಂಡಿತು.

ಆಮೇಲಿನ ತಿಂಗಳುಗಳಲ್ಲೂ ಹಾಗೇ ಆಯಿತು. ಆಳವಾದ ಗಾಯಗಳೆಲ್ಲ ಕತ್ತಿ ಮುಖದಿಂದ ದೂರ ಇದ್ದಾಗ ಆದವು. ಕೆನ್ನೆಯ ಮೇಲೆ ಅಲಗು ಓಡುವಾಗ ಬೇರೇನೂ ನೆನಪಿಗೇ ಬರುವುದಿಲ್ಲ ಅಲ್ವಾ? ತೆರೆಯುವಾಗ, ತೊಳೆಯುವಾಗ, ಒರೆಸುವಾಗ ಮನಸ್ಸು ಜಾರುತ್ತದೆ. ಅದಕ್ಕೇ ಹೊಸಬರು ಯಾರೇ ಕೇಳಿದರೂ ಮೊದಲು ಕೈಯ ಬಗ್ಗೆ ಹೇಳುತ್ತೇನೆ, ಆಮೇಲೆ ಮುಖದ ಬಗ್ಗೆ.

ಕತ್ತಿ ತೆರೆಯುವಾಗ, ಮಡಚುವಾಗ ಹಿಡಿಯನ್ನು ಮುಷ್ಟಿಯಲ್ಲಿ ಸುತ್ತಿ ಹಿಡಿಯಬೇಡಿ. ಎರಡು ಪಕ್ಕಗಳಿಂದ ಒತ್ತಿ ಹಿಡಿಯಿರಿ, ಅಲಗು ಬಂದು ಕೂರುವ ಸಂದಿಯ ಕಡೆ ಒಂದು ಬೆರಳೂ ಇರಬಾರದು. ಕತ್ತಿಯ ಬುಡದಲ್ಲಿ ಬಾಲದಂಥ ತುದಿ ಇರುತ್ತದೆ. ಅದನ್ನು ಒತ್ತಿದರೆ ಅಲಗು ಮೇಲೇಳುತ್ತದೆ. ಕೈಗೆ ಸೋಪು, ನೀರು ಅಂಟಿದ್ದರೆ ಕತ್ತಿ ಮುಟ್ಟುವ ಮೊದಲು ಒರೆಸಿಕೊಳ್ಳಿ, ಪ್ರತಿ ಸಲವೂ.

ಒಮ್ಮೆ ಒದ್ದೆ ಕೈಯಿಂದ ಕತ್ತಿ ಜಾರಿತು. ಹಿಡಿಯಲು ಕೈ ತಾನೇ ಮುಂದೆ ಹೋಯಿತು. ಪುಣ್ಯಕ್ಕೆ ಸಿಗಲಿಲ್ಲ. ಬೀಳುವ ಕತ್ತಿಯನ್ನು ಎಂದೂ ಹಿಡಿಯಬಾರದು. ಆದರೆ ಬೀಳುವ ವಸ್ತುವಿಗೆ ಕೈ ಚಾಚುವುದು ಹುಟ್ಟಿನಿಂದ ಬಂದ ಅಭ್ಯಾಸ, ಗೊತ್ತಿದ್ದರೆ ಸಾಲದು. ಮನೆಯಲ್ಲಿ ಒಂದು ಚಮಚ ಬೀಳಿಸಿ, ಕೈ ಮೇಲೆತ್ತಿ ಹಿಂದೆ ಸರಿಯುವುದನ್ನು ಬಹಳ ಸಲ ಅಭ್ಯಾಸ ಮಾಡಿದೆ. ಸಿಂಕಿನೊಳಗೆ ಮಡಚಿದ ಟವೆಲ್ ಹಾಸುತ್ತೇನೆ. ಕಾಲಿಗೆ ಚಪ್ಪಲಿ ಇರುತ್ತದೆ, ಬಾಗಿಲಿಗೆ ಚಿಲಕ ಹಾಕಿರುತ್ತೇನೆ, ಮೊಬೈಲ್ ಹೊರಗೇ ಬಿಟ್ಟಿರುತ್ತೇನೆ.

ಇನ್ನು ಮುಖ. ಮೊದಲ ಎರಡು ವಾರ ಎರಡು ಕೆನ್ನೆ ಮಾತ್ರ ಮಾಡಿದೆ, ಉಳಿದದ್ದು ಮಾಮೂಲಿ ರೇಜರ್‌ನಲ್ಲಿ. ಈ ನಿರ್ಧಾರ ನನ್ನನ್ನು ಬಹಳ ಕಾಪಾಡಿತು. ಅಲಗಿನ ಬೆನ್ನು ಚರ್ಮದಿಂದ ಸುಮಾರು 30 ಡಿಗ್ರಿ ಎದ್ದಿರಬೇಕು. ಜಾಸ್ತಿ ಎತ್ತಿದರೆ ಕೊಯ್ಯುತ್ತದೆ, ಪೂರ್ತಿ ಮಲಗಿಸಿದರೆ ಕೂದಲನ್ನು ಎಳೆಯುತ್ತದೆ. ಇನ್ನೊಂದು ಕೈಯಿಂದ ಚರ್ಮ ಬಿಗಿಯಾಗಿ ಎಳೆದು, ಕೂದಲು ಬೆಳೆಯುವ ದಿಕ್ಕಿಗೇ, ಸಣ್ಣ ಸಣ್ಣ ಎಳೆತ. ಒತ್ತಬಾರದು. ಅಲಗು ಮುಖದ ಮೇಲಿರುವಾಗ ಅಡ್ಡಕ್ಕೆ ಮಾತ್ರ ಜಾರಿಸಬೇಡಿ. ಈರುಳ್ಳಿ ಹೆಚ್ಚುವಾಗ ಚಾಕು ಹೇಗೆ ಓಡುತ್ತದೆ ನೋಡಿ, ಹಾಗೆಯೇ ಕೊಯ್ಯುತ್ತದೆ. ಗದ್ದ ದುಂಡಗಿರುವುದರಿಂದ ಅಲ್ಲಿ ಚರ್ಮ ಎಳೆದು ಹಿಡಿಯುವುದೇ ಕಷ್ಟ. ಅದನ್ನು ಕೊನೆಗೆ ಕಲಿಯಿರಿ.

ನಾನು ಕೊಂಡ ಮೊದಲ ಕತ್ತಿಯ ತುದಿ ಚೌಕವಾಗಿತ್ತು. ಆ ಮೂಲೆ ಎಲ್ಲಿದೆ ಎಂದು ನನಗೆ ಗೊತ್ತಾಗುತ್ತಿರಲಿಲ್ಲ, ಕಿವಿಯ ಹಾಲೆಗೆ ತಗುಲಿತು. ಹೊಸಬರಿಗೆ ದುಂಡು ತುದಿಯೇ ಒಳ್ಳೆಯದು.

ಕತ್ತಿ ಮೊಂಡಾಗಿದ್ದರೆ ಗಾಯ ಕಡಿಮೆ ಎಂದು ಕೆಲವರು ಅಂದುಕೊಳ್ಳುತ್ತಾರೆ. ಆಗುವುದು ಉಲ್ಟಾ. ಕೂದಲು ಕತ್ತರಿಸದಿದ್ದಾಗ ಕೈ ತಾನಾಗಿ ಒತ್ತುತ್ತದೆ, ಆಗಲೇ ಚರ್ಮ ಹೋಗುವುದು. ಹೊಸ ಕತ್ತಿಯೂ ಎಷ್ಟೋ ಸಲ ಶೇವಿಂಗ್‌ಗೆ ಬೇಕಾದಷ್ಟು ಹರಿತವಾಗಿ ಬರುವುದಿಲ್ಲ. ನನ್ನದನ್ನು ಅನುಭವಸ್ಥರೊಬ್ಬರು ಕಲ್ಲಿನ ಮೇಲೆ ಮಸೆದು ಕೊಟ್ಟ ಮೇಲೆ ಅದು ಬೇರೆಯೇ ಕತ್ತಿ ಅನ್ನಿಸಿತು. ಪ್ರತಿ ಶೇವಿಂಗ್‌ಗೆ ಮೊದಲು ಚರ್ಮದ ಪಟ್ಟಿಯ ಮೇಲೆ 40ರಿಂದ 50 ಸಲ ಎಳೆಯುತ್ತೇನೆ. ಬೆನ್ನು ಮುಂದೆ, ಹರಿತದ ಅಂಚು ಹಿಂದೆ. ಪಟ್ಟಿಯ ತುದಿಯಲ್ಲಿ ಮೊದಲು ನಿಲ್ಲಿಸಿ, ಬೆನ್ನಿನ ಮೇಲೇ ಮಗುಚಿ, ಆಮೇಲೆ ವಾಪಸ್ಸು. ನಿಲ್ಲಿಸುವ ಮೊದಲೇ ಮಗುಚಲು ಹೋಗಿ ಒಂದು ಒಳ್ಳೆಯ ಪಟ್ಟಿಯನ್ನು ಕೊಯ್ದುಕೊಂಡೆ. ವೇಗ ಬೇಡವೇ ಬೇಡ.

ಸಣ್ಣ ಗೀರಿಗೆ ಒದ್ದೆ ಮಾಡಿದ ಪಟಿಕದ ಕಲ್ಲು ಸಾಕು. ರಕ್ತ ಬರುತ್ತಲೇ ಇದ್ದರೆ ಚೊಕ್ಕ ಬಟ್ಟೆಯಿಂದ ಒತ್ತಿ ಹಿಡಿಯಬೇಕು, ಪದೇ ಪದೇ ತೆಗೆದು ನೋಡಬಾರದು. ಆಮೇಲೂ ನಿಲ್ಲದಿದ್ದರೆ ಡಾಕ್ಟರ ಬಳಿ ಹೋಗಿ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಮೊದಲೇ ಡಾಕ್ಟರನ್ನು ಕೇಳಿ. ಕತ್ತಿಯನ್ನು ಇನ್ನೊಬ್ಬರ ಜೊತೆ ಹಂಚಿಕೊಳ್ಳಬೇಡಿ, ಹೆಪಟೈಟಿಸ್ ಬಿ ಮತ್ತು ಸಿ ರಕ್ತದ ಮೂಲಕ ಹರಡಬಲ್ಲವು.

ಮುಗಿದ ಮೇಲೆ ಅಲಗನ್ನು ಬೆನ್ನಿನಿಂದ ಅಂಚಿನ ಕಡೆಗೆ ಒರೆಸುತ್ತೇನೆ. ಅಂಚಿನ ಉದ್ದಕ್ಕೂ ಬೆರಳು ಎಳೆಯುವುದಿಲ್ಲ. ಚೆನ್ನಾಗಿ ಒಣಗಿಸಿ, ತುಕ್ಕು ಹಿಡಿಯದಂತೆ ಒಂದು ಹನಿ ಎಣ್ಣೆ ಸವರುತ್ತೇನೆ. ಬೆರಳುಗಳನ್ನು ನೋಡುತ್ತಾ ಮಡಚಿ, ಮಕ್ಕಳ ಕೈಗೆ ಎಟುಕದ ಡಬ್ಬಿಯಲ್ಲಿ ಇಡುತ್ತೇನೆ. ಕನ್ನಡಿ ನೋಡಿಕೊಳ್ಳುವುದು ಆಮೇಲೆ.